ಕಾಂತ ಅಳೆಯುವ ಹುಡುಗನನ್ನು ನೋಡಿ ಬಂದದ್ದು

ಯಂಕಂಚಿ, ತಾ. ಸಿಂದಗಿ
ಮಂಗಳವಾರ, 13-8-2024

ಮಾತು ಬಿಟ್ಟು ಕುಳಿತಿರುವ ನನ್ನ ಪ್ರೀತಿಯ ಅಣ್ಣನಿಗೆ ತಮ್ಮ ರೇವಪ್ಪನ ನಮಸ್ಕಾರಗಳು.

ಮೊಣಕಾಲು ಹೇಗಿದೆ? ಮಠದ ಕಲ್ಲುಹಾಸಿನ ಮೇಲೆ ಚಾದರ ಮಡಚಿ ಹಾಕಿಕೊಂಡೇ ಕೂಡ್ರು. ಅದರಿಂದ ಅನುಷ್ಠಾನ ಕೆಡುವುದಿಲ್ಲ ಅಂತ ನಾನೇ ಸ್ವಾಮಿಗಳನ್ನು ಕೇಳಿಕೊಂಡು ಬಂದಿದ್ದೇನೆ. ಗುಳಿಗೆ ತಪ್ಪಿಸಬೇಡ, ನುಂಗಲು ಬಾಯಿ ತೆರೆದರೆ ಮೌನ ಮುರಿದಂತಲ್ಲ. ಶ್ರಾವಣ ಮುಗಿಯುವವರೆಗೆ ನೀನು ಮಾತಾಡುವುದಿಲ್ಲ, ಫೋನನ್ನೂ ಮನೆಯಲ್ಲೇ ಬಿಟ್ಟು ಹೋಗಿದ್ದೀ, ಅದಕ್ಕೇ ಈ ಪತ್ರ. ಆರನೇತ್ತಕ್ಕೆ ಸಾಲಿ ಬಿಟ್ಟವನ ಅಕ್ಷರ, ಸಾವಕಾಶ ಓದು. ಚಮನಸಾಬ ನಾಳೆ ನಿಂಬೆಹಣ್ಣಿನ ಟೆಂಪೋ ತೆಗೆದುಕೊಂಡು ಮುದ್ದೇಬಿಹಾಳಕ್ಕೆ ಬರುವವನಿದ್ದಾನೆ, ಅವನ ಕೈಯಲ್ಲಿ ಕಳಿಸುತ್ತಿದ್ದೇನೆ. ನಿನ್ನ ಉತ್ತರವನ್ನು ಪಾಟಿಯ ಮೇಲೆ ಬರೆದು ಅವನಿಗೆ ತೋರಿಸು, ಫೋಟೋ ಹೊಡೆದು ಕಳಿಸುತ್ತಾನೆ.

ನಿನ್ನೆ ಒಂದು ಕೆಟ್ಟ ಕನಸು ಬಿತ್ತು ಅಣ್ಣಾ. ನಮ್ಮ ಶೈಲಶ್ರೀಯ ಲಗ್ನದ ಹಂದರ. ಮದುಮಗ ಕೈಯಲ್ಲಿ ಅವನ ಯಂತ್ರ ಹಿಡಿದು ನಿಂತಿದ್ದಾನೆ. ಊರಿನ ಕಬ್ಬಿಣವೆಲ್ಲ ಹಾರಿ ಬಂದು ಅದಕ್ಕೆ ಅಂಟಿಕೊಳ್ಳುತ್ತಿದೆ: ಕುಡುಗೋಲು, ಕೊಡಲಿ, ನಮ್ಮ ಟ್ರಂಕು, ಟ್ರಂಕಿನ ಮೇಲೆ ಕುಳಿತ ಸಿದ್ದಲಿಂಗವ್ವ ವೈನಿ. ಕಡೆಗೆ ನೀನು ಮಠದಿಂದ ಓಡಿ ಬಂದು ಮೌನ ಮುರಿದು ‘ರೇವ್ಯಾ!’ ಅಂತ ಒದರಿದಿ. ಅಷ್ಟಕ್ಕೆ ಎಚ್ಚರಾಯಿತು. ಬೆಳಿಗ್ಗೆ ಶೈಲಿಗೆ, ನಿನ್ನ ಮಗಳಿಗೆ, ಹೇಳಿದರೆ ಹೊಲಿಗೆ ಮಷೀನು ನಿಲ್ಲಿಸದೆಯೇ ನಕ್ಕಳು. ‘ಕಾಕಾ, ಆ ಮಷೀನ ಏನೂ ಎಳಿಯಂಗಿಲ್ಲ. ಇದ್ದದ್ದು ಎಷ್ಟೈತಿ ಅಂತ ಹೇಳತೈತಿ, ಅಷ್ಟ.’

ಯಾವ ಮದುಮಗ, ಯಾವ ಯಂತ್ರ ಅಂತ ನಿನಗೆ ಗೊತ್ತಿಲ್ಲವಲ್ಲ, ಮೊದಲಿನಿಂದ ಹೇಳುತ್ತೇನೆ. ನೀನು ಮೌನಕ್ಕೆ ಕುಳಿತ ಮರುದಿನವೇ ಇಂಡಿಯಿಂದ ಒಂದು ಸಂಬಂಧ ಬಂತು. ಹುಡುಗನ ಹೆಸರು ಸಂಜೀವಕುಮಾರ. ಭೂಮಿಯ ಕಾಂತಶಕ್ತಿ ಅಳೆಯುವುದು ಅವನ ನೌಕರಿ. ನೆಲದೊಳಗೆ ಎಂಥ ಕಲ್ಲಿದೆ, ಎಲ್ಲಿ ಬಿರುಕಿದೆ ಅಂತ ಅಗೆಯದೆಯೇ ತಿಳಿಯುತ್ತದಂತೆ. ವೈನಿ ಶೈಲಿಯನ್ನು ಕೇಳಿದರು. ಅವಳು ಮನೆಯಲ್ಲಿ ತೋರಿಸುವ ಶಾಸ್ತ್ರವೇ ಬೇಡ ಅಂದಳು. ಹೋದ ಸಲದ್ದು ನಿನಗೆ ನೆನಪಿದೆ. ಅವಳು ಚಹಾದ ತಾಟು ಹಿಡಿದು ಹೊರಗೆ ಬರುವುದಕ್ಕೂ ಕರೆಂಟು ಹೋಗಿ ಫ್ಯಾನು ನಿಲ್ಲುವುದಕ್ಕೂ ಸರಿಹೋಗಿ, ಕಾಲ್ಗುಣ ಸರಿಯಿಲ್ಲ ಅಂತ ಆ ಮಂದಿ ಚಹಾ ಸುದ್ದಾ ಮುಗಿಸದೆ ಎದ್ದು ಹೋದರು. ಸಿಂದಗಿ ತಾಲೂಕಿಗೆಲ್ಲ ಕರೆಂಟು ಹೋಗಿತ್ತು ಅಂತ ನಾನು ಅವರ ಗಾಡಿಯ ಹಿಂದೆ ಓಡಿ ಓಡಿ ಹೇಳಿದೆ. ಕೇಳಲಿಲ್ಲ. ಅದಕ್ಕೇ ಈ ಸಲ ಅವಳ ಹಟ: ‘ಚಾ ಕುಡಿಯೂವಾಗ ಎಲ್ಲಾರೂ ಚಲೋನ ಇರ್ತಾರ ಕಾಕಾ. ಕೆಲಸದಾಗ ಇದ್ದಾಗ ನೋಡಬೇಕು.’ ಹುಡುಗನೂ ಒಪ್ಪಿದ. ಮಸೂತಿಯ ಹತ್ತಿರ ಅವನ ಕೆಲಸ ನಡೆದಿತ್ತು, ಯಂತ್ರ ಬಿಟ್ಟು ಬರುವಂತಿರಲಿಲ್ಲ. ಹೀಗಾಗಿ ರವಿವಾರ ಚಮನಸಾಬನ ಟೆಂಪೋದಲ್ಲಿ ವೈನಿ, ಶೈಲಿ, ನಾನು ಮೂವರೂ ಬಸವನ ಬಾಗೇವಾಡಿ ದಾಟಿ ಮಸೂತಿಯ ಹೊಲಕ್ಕೇ ಹೋದೆವು. ಹೊಲದಲ್ಲಿ ವರ ನೋಡುವುದು ನಮ್ಮ ವಂಶದಲ್ಲಿ ಇದೇ ಮೊದಲು. ಇದಕ್ಕೆ ನೀನು ಏನನ್ನುತ್ತೀಯೋ ಎಂದು ದಾರಿಯುದ್ದಕ್ಕೂ ಚಮನಸಾಬನನ್ನು ಕೇಳುತ್ತಲೇ ಹೋದೆ.

ಹಿಂಗಾರಿ ಜೋಳಕ್ಕೆಂದು ಬಿಟ್ಟ ಕಪ್ಪು ಎರಿ ಮಣ್ಣಿನ ಹೊಲ, ಮೇಲೆ ಮಳೆ ಬಿದ್ದು ಅಂಟಂಟು. ನಡುವೆ ಒಂದು ಅಲ್ಯೂಮಿನಿಯಂ ಕೋಲು, ಕೋಲಿನ ತುದಿಗೆ ಡಬ್ಬಿ, ಸುತ್ತಲೂ ಸುಣ್ಣದ ಗೆರೆ. ಗೆರೆಯ ಹೊರಗೆ ಒಂದು ಬಿದಿರಿನ ಪುಟ್ಟಿ. ಮೈಮೇಲಿನ ಕಬ್ಬಿಣವನ್ನೆಲ್ಲ ಆ ಪುಟ್ಟಿಗೆ ಹಾಕಿಯೇ ಒಳಗೆ ಬರಬೇಕಂತೆ, ಇಲ್ಲದಿದ್ದರೆ ಅಳತೆ ತಪ್ಪುತ್ತದೆ. ನನ್ನ ಕೊಡೆ, ಕೀಲಿಕೈ, ಕನ್ನಡಕ ಹೋದವು. ಕನ್ನಡಕ ಹೋದ ಮೇಲೆ ನಾನು ವರನನ್ನು ನೋಡಿದ್ದು ಅಂದಾಜಿನ ಮೇಲೆ. ನಮ್ಮ ವೈನಿಯ ತಾಳಿಗೆ, ಬಳೆಗೆ, ಸೆರಗಿಗೆ ತೂಗುವ ಸೇಫ್ಟಿ ಪಿನ್ನುಗಳು ನಿನಗೆ ಗೊತ್ತೇ ಇವೆ. ‘ಪಿನ್ನ ತಗದ್ರ ಸೀರಿ ಯಾರ ಹಿಡ್ಕೋಬೇಕಪಾ, ನಿನ್ನ ಮಷೀನ ಹಿಡ್ಕೋತೈತೇನು?’ ಅಂತ ಕೇಳಿಯೇಬಿಟ್ಟರು, ಗೆರೆಯ ಹೊರಗೇ ಉಳಿದರು. ಹುಡುಗನ ಸೋದರಮಾವ ರಾವಸಾಬ ಅಂತ, ದೊಡ್ಡ ಮೀಸೆ, ದೊಡ್ಡ ಹೊಟ್ಟೆ. ಅವರ ಬೆಲ್ಟಿನ ಬಕ್ಕಲ್ಲು ಪುಟ್ಟಿಗೆ ಹೋದ ಮೇಲೆ ಪಾಪ, ಒಂದು ಕೈಯಲ್ಲಿ ಪ್ಯಾಂಟು ಹಿಡಿದುಕೊಂಡು ಇನ್ನೊಂದು ಕೈಯಲ್ಲೇ ನಮಸ್ಕಾರ ಮಾಡಿದರು. ಹುಡುಗ ಮಾತ್ರ ಲಾಡಿ ಪಾಯಿಜಾಮದಲ್ಲಿ ಬರಿಗಾಲಲ್ಲಿ ಆರಾಮಾಗಿ ನಿಂತಿದ್ದ. ಇಂಜಿನಿಯರ್ ಅಂತ ಹೇಳಿ ಇದೇನು ಪಾಯಿಜಾಮ ಎಂದು ನನಗೆ ಆಗಲೇ ಒಂದು ಚಿಂತೆ ಹತ್ತಿತು.

ಅವನು ಬಿಡಿಸಿ ಹೇಳಿದ್ದನ್ನು ತಿಳಿದಷ್ಟು ಬರೆಯುತ್ತೇನೆ. ಯಂತ್ರದ ಹೆಸರು ಕಾಂತಮಾಪಕ, ಅವರು ಮ್ಯಾಗ್ನೆಟೋಮೀಟರ್ ಎನ್ನುತ್ತಾರೆ. ತೂಕಕ್ಕೆ ತೊಲ, ಗುಂಜಿ ಇದ್ದ ಹಾಗೆ ಕಾಂತಕ್ಕೆ ನ್ಯಾನೋಟೆಸ್ಲಾ. ಹಳಬರು ಅದನ್ನೇ ಗಾಮಾ ಎನ್ನುತ್ತಿದ್ದರಂತೆ, ಲಕ್ಷ ಗಾಮಾ ಕೂಡಿದರೆ ಒಂದು ಗೌಸ್. ನಮ್ಮ ಕಡೆ ಭೂಮಿಯಲ್ಲಿ ನಲವತ್ತೊಂದು ಸಾವಿರದ ಮೇಲೆ ಚಿಲ್ಲರೆ ನ್ಯಾನೋಟೆಸ್ಲಾ ಇದೆ. ಅದೂ ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು. ಅದಕ್ಕೇ ಒಂದು ಯಂತ್ರ ದಿನವಿಡೀ ಒಂದೇ ಕಡೆ ನಿಂತು ಆ ಏರಿಳಿತ ಗುರುತು ಹಾಕಿಕೊಳ್ಳುತ್ತದೆ, ಇನ್ನೊಂದನ್ನು ಹೊತ್ತುಕೊಂಡು ಹೊಲ ಸುತ್ತುತ್ತಾರೆ. ಕಾಲ ಕೆಳಗಿನ ಭೂಮಿಯೇ ಹೊತ್ತಿಗೊಂದು ಮಾತಾಡುತ್ತದೆ ಅಂದ ಮೇಲೆ ಬೀಗರನ್ನು ನಂಬುವುದು ಹೇಗೆ ಅಣ್ಣಾ? ಇನ್ನು ಆ ಡಬ್ಬಿಯೊಳಗೆ ಇರುವುದು ಸೀಮೆಎಣ್ಣೆಯಂತೆ! ಅದರೊಳಗಿನ ಕಣಗಳು ಭೂಮಿಯ ಕಾಂತಕ್ಕೆ ಬುಗುರಿಯಂತೆ ತಿರುಗುತ್ತವೆ, ಆ ತಿರುಗುವ ವೇಗ ಎಣಿಸಿದರೆ ಅಳತೆ ಸಿಗುತ್ತದೆ. ರೇಷನ್ನಿನಲ್ಲಿ ನಮಗೆ ಕಾಣದ ಸೀಮೆಎಣ್ಣೆ ಇವರಿಗೆ ಎಲ್ಲಿ ಸಿಗುತ್ತದೆ, ಬೀಡಿಯ ಕಿಡಿ ಬಿದ್ದರೆ ಏನು ಗತಿ? ಚಮನಸಾಬನ ಕಿಸೆಯ ಕಡ್ಡಿಪೆಟ್ಟಿಗೆಯನ್ನೂ ನಾನೇ ತೆಗೆಸಿ ಪುಟ್ಟಿಗೆ ಹಾಕಿದೆ.

ಇಷ್ಟಾಗುವಾಗ ಶೈಲಿ ಗೆರೆ ದಾಟಿ ಬಂದಳು. ಅವಳು ಯಂತ್ರದ ಹತ್ತಿರ ಬಂದು ನಿಂತದ್ದೇ ತಡ, ಅಂಕಿ ಇನ್ನೂರು ಮೇಲಕ್ಕೆ ಹಾರಿತು. ರಾವಸಾಬರು ಪ್ಯಾಂಟಿನ ಮೇಲಿನ ಹಿಡಿತ ಬಿಗಿ ಮಾಡಿ, ‘ಇಷ್ಟೊತ್ತನ ಸುಮ್ಮನಿದ್ದ ಮಷೀನ ಹುಡುಗಿ ಬಂದ ಕೂಡಲೇ ಹೊಯ್ದಾಡಾಕತ್ತೈತಿ. ಇದು ಚಲೋ ಶಕುನ ಅಲ್ರಿ’ ಅಂದರು. ನನ್ನ ಕಾಲು ಎರಿಯಲ್ಲಿ ಹುಗಿದಲ್ಲೇ ಹುಗಿದಿತ್ತು. ಆಯಿತು, ಇದೂ ಹೋಯಿತು, ಅಣ್ಣ ಬಾಯಿ ಬಿಡುವುದರೊಳಗೆ ಅವನ ಮಗಳ ಬಾಳು ನನ್ನ ಕೈಯಲ್ಲಿ ಹಾಳಾಯಿತು ಅಂದುಕೊಂಡೆ.

ಹುಡುಗ ಮೊದಲು ತನ್ನ ಕಿಸೆಗಳನ್ನು ಹೊರಗೆ ತೆಗೆದು ನೋಡಿಕೊಂಡ. ಕೋಲು ನೋಡಿದ, ತಂತಿ ನೋಡಿದ. ಆಮೇಲೆ, ‘ಸ್ವಲ್ಪ ಹಿಂದ ಸರೀರಿ’ ಅಂದ. ಶೈಲಿ ಸರಿದಳು, ಅಂಕಿ ಇಳಿಯಿತು. ‘ಈಗ ಮುಂದ ಬರ್ರಿ.’ ಬಂದಳು, ಏರಿತು. ‘ಮಾಮಾ, ಇದು ಶಕುನ ಅಲ್ಲ, ಸಾಮಾನ. ಇವರ ಕಡೆ ಏನೋ ಉಳದೈತಿ.’ ಆಗ ನಿನ್ನ ಮಗಳು ನಗುತ್ತ ಕೈಚೀಲದಿಂದ ಏನು ತೆಗೆದಳು ಗೊತ್ತೇ? ಹೊಲಿಗೆ ಅಂಗಡಿಯಲ್ಲಿ ನೆಲಕ್ಕೆ ಬಿದ್ದ ಗುಂಡುಸೂಜಿ ಆರಿಸುವ ಅವಳ ದೊಡ್ಡ ಅಯಸ್ಕಾಂತ! ‘ಬೇಕಂತನ ತಂದಿದ್ದೆ’ ಅಂದಳು. ಎದುರಿಗೇ!

ಹುಡುಗನಿಗೆ ಸಿಟ್ಟು ಬಂತು. ‘ಬೇಕಂತ ತಂದಿದ್ರ ತಪ್ಪಾತು ನೋಡ್ರಿ. ನಂದು ಅರ್ಧಾ ತಾಸಿನ ಅಳತಿ ಹಾಳಾತು. ನೀವು ಹೊಲಿಯೂ ಜಂಪರಿನ ಮ್ಯಾಲ ನಾ ಶಾಯಿ ಚೆಲ್ಲಿದ್ರ ಸುಮ್ಮನಿರ್ತಿದ್ರೇನು?’ ಅಂತ ಬೈದು, ಆ ಅಂಕಿಗಳನ್ನೆಲ್ಲ ಹೊಡೆದು ಹಾಕಿ ಮೊದಲಿನಿಂದ ಶುರು ಮಾಡಿದ. ರಾವಸಾಬರು, ‘ನಮ್ಮನ್ನ ಪರೀಕ್ಷಾಕ್ಕ ಕೂಡಿಸಿದ್ರೇನು?’ ಅಂತ ಪುಟ್ಟಿಯಿಂದ ಬೆಲ್ಟು ಎಳೆದುಕೊಂಡರು. ವೈನಿ ಕಟ್ಟಿ ತಂದಿದ್ದ ಶೇಂಗಾ ಹೋಳಿಗೆಯನ್ನು ಯಾರೂ ಮುಟ್ಟಲಿಲ್ಲ. ದಾರಿಯಲ್ಲಿ ಚಮನಸಾಬ ಮೂರು ತಿಂದ, ಅದು ಬೇರೆ.

ಟೆಂಪೋದಲ್ಲಿ ನಾನು ಅವಳ ಮೇಲೆ ಹರಿಹಾಯ್ದೆ. ಅವಳು ಹೇಳಿದ ಮಾತು ಹಾಗೇ ಬರೆಯುತ್ತೇನೆ: ‘ಕಾಕಾ, ಬೈದ ಖರೆ. ನನ್ನ ಕೆಲಸಕ್ಕ ಬೈದ, ನನ್ನ ಕಾಲಿಗೆ ಬೈಲಿಲ್ಲ.’ ವೈನಿ ಆ ಕಡೆ ಮುಖ ಮಾಡಿ ಸೆರಗಿನಿಂದ ಕಣ್ಣೊರೆಸಿಕೊಂಡರು. ನನ್ನ ಸಿಟ್ಟೂ ಇಳಿಯಿತು, ಆದರೆ ಚಿಂತೆ ಬಿಡಲಿಲ್ಲ. ಎರಡು ದಿನವಾಯಿತು, ಅವರ ಕಡೆಯಿಂದ ಹೂಂ ಇಲ್ಲ, ಉಹೂಂ ಇಲ್ಲ. ನಾನಾಗಿ ಫೋನು ಮಾಡಿ ತಪ್ಪಾಯಿತು ಅನ್ನಲೋ, ಅಂದರೆ ಹುಡುಗಿಯ ಕಡೆಯವರು ಸಣ್ಣವರಾದಂತೆಯೋ? ವೈನಿಯನ್ನು ಕೇಳಿದರೆ ಅವರೂ ನಿನ್ನ ಕಡೆಗೇ ಬೆರಳು ತೋರಿಸುತ್ತಾರೆ. ನೀನೇ ಹೇಳು.

ವೈನಿಯ ಶರಣು ಶರಣಾರ್ಥಿ, ಶೈಲಿಯ ನಮಸ್ಕಾರ. ತಲೆಗೆ ಟವೆಲ್ ಸುತ್ತಿಕೊಂಡೇ ಮಲಗು, ಮಠದಲ್ಲಿ ಗಾಳಿ ಬಹಳ.

ನಿನ್ನ ಕಾಲಿಗೆ ಬಿದ್ದು,
ರೇವಪ್ಪ

ತಾ. ಕ. (ಬುಧವಾರ ಬೆಳಿಗ್ಗೆ): ಚಮನಸಾಬ ಹೊರಗೆ ಹಾರ್ನು ಹೊಡೆಯುತ್ತಿದ್ದಾನೆ, ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ಈಗಷ್ಟೇ ಸಂಜೀವಕುಮಾರ ತಾನೇ ಫೋನು ಮಾಡಿದ್ದ. ಮಾಮಾನದು ಮೂರು ದಿನದ ಸಿಟ್ಟು, ಇಳಿಯುತ್ತದೆ ಅಂದ. ಆಮೇಲೆ ಫೋನು ಶೈಲಿಗೆ ಕೊಡ್ರಿ ಅಂದ. ಅವಳು ಮಾತಾಡಿ ಬಂದು ವೈನಿಗೆ ಹೇಳಿದ್ದು ಇಷ್ಟೇ: ತಾಳಿಯ ಕರಿಮಣಿಯನ್ನು ಉಕ್ಕಿನ ತಂತಿಯಲ್ಲಿ ಪೋಣಿಸುವುದು ಬೇಡವಂತೆ, ನೂಲಿನ ದಾರದಲ್ಲೇ ಇರಲಂತೆ. ಹಾಗಿದ್ದರೆ ಅವನ ಹೊಲಕ್ಕೆ ಹೋಗುವಾಗ ಅವಳು ತಾಳಿ ಬಿಚ್ಚಿ ಪುಟ್ಟಿಗೆ ಹಾಕಬೇಕಾಗುವುದಿಲ್ಲವಂತೆ. ಅವಳು ಹೂಂ ಅಂದಳಂತೆ! ಅಣ್ಣಾ, ಯಾವ ಸಂಬಂಧ ಕೂಡಿದರೂ ಇರಲಿ ಅಂತ ನಮ್ಮ ಕಡೆಯ ತಾಳಿಯನ್ನು ನೀನು ಮುಂಚೆಯೇ ಮುದ್ದೇಬಿಹಾಳದಲ್ಲಿ ಮಾಡಲು ಕೊಟ್ಟಿದ್ದೀಯಲ್ಲ, ಆ ಪತ್ತಾರ ಮೊದಲೇ ದಾರ ಅಂತ ಹೇಳಿದ್ದ ಖರೆ. ಆದರೂ ಪಾಟಿ ಹಿಡಿದುಕೊಂಡು ಹೋಗಿ ಇನ್ನೊಮ್ಮೆ ಬರೆದು ಕೇಳು: ದಾರವೋ, ತಂತಿಯೋ? ಹಿಂದಿನ ಕೊಂಡಿ ಕಬ್ಬಿಣದ್ದೇನು ಅಂತಲೂ ಕೇಳು.