ಗೋಡೆ ಹಾರಿದ ತಮ್ಮನಿಗೆ

ಮನೆಯಿಂದ,
ಶನಿವಾರ ಬೆಳಗ್ಗೆ

ಪ್ರೀತಿಯ ಗುಂಡಾ,

ಹೇಗಿದ್ದೀಯೋ? ಕೈನಡುಕ ನಿಂತಿತಾ? ನಿದ್ದೆ ಬರುತ್ತಿದೆಯಾ? ನೀನೀಗ ಗುಂಡಗೆ ಉಳಿದಿಲ್ಲ, ಆದರೂ ನನ್ನ ಬಾಯಿಗೆ ಬೇರೆ ಹೆಸರು ಬರುವುದಿಲ್ಲ. ಮಾವನ ಗ್ಯಾರೇಜಿನಲ್ಲಿ ಅಡಗಿದ್ದೀಯೆಂದು ಅತ್ತೆ ಫೋನಿನಲ್ಲಿ ಪಿಸುಗುಟ್ಟಿದ ಮೇಲೆಯೇ ಅಮ್ಮನ ಗಂಟಲಲ್ಲಿ ನೀರಿಳಿದದ್ದು.

ನೀನು ವ್ಯಸನಮುಕ್ತಿ ಕೇಂದ್ರದಿಂದ ಓಡಿಹೋದ ಸುದ್ದಿ ತಂದವರು ಪೊಲೀಸರು. "ಜೈಲಿನ ಬದಲು ಚಿಕಿತ್ಸೆ ಅಂತ ಕೋರ್ಟು ದಯೆ ತೋರಿಸಿದ್ರೆ ಹೀಗಾ ಮಾಡೋದು?" ಎಂದು ಮೆಟ್ಟಿಲ ಮೇಲೆಯೇ ಕೂಗಾಡಿದರು. ಎದುರುಮನೆಯ ಕಿಟಕಿಗಳೆಲ್ಲ ತೆರೆದುಕೊಂಡವು. ಮತ್ತೆ ಡ್ರಗ್ಸ್ ಹಿಂದೆ ಹೋಗಿದ್ದಾನೆಂದು ಅಪ್ಪ ಊಟ ಬಿಟ್ಟು ಎದ್ದರು. ನನಗೂ ಮೈಯೆಲ್ಲ ಉರಿಯಿತು ಕಣೋ.

ನಿನ್ನ ಬಟ್ಟೆಬರೆ ತರಲು ನಿನ್ನೆ ಕೇಂದ್ರಕ್ಕೆ ಹೋಗಿದ್ದೆ. ನಿನ್ನ ಪಕ್ಕದ ಮಂಚದ ವೆಲ್ಡರ್, ಆ ಸುಟ್ಟ ಹುಬ್ಬಿನವನು, ಚೀಲ ಹೊತ್ತು ಗೇಟಿನವರೆಗೆ ಬಂದ. ಊಟ, ಹಾಸಿಗೆ, ಔಷಧಿ ಎಲ್ಲ ಕೊಟ್ಟರೂ ಯಾಕಪ್ಪಾ ಓಡುತ್ತೀರಿ ಎಂದು ನಾನೇ ಕೆಣಕಿದೆ. ನಕ್ಕ. "ಜೈಲಾದ್ರೆ ಬಿಡುಗಡೆ ಯಾವತ್ತು ಅಂತ ಗೊತ್ತಿರುತ್ತೆ ಅಕ್ಕಾ. ಇಲ್ಲಿ ವಾಸಿಯಾಯ್ತು ಅಂತ ಅವರು ಹೇಳೋವರೆಗೂ ಇರ್ಬೇಕು. ಕೆಲವರಿಗೆ ಹೆಂಡತಿ ನೆನಪು. ಕೆಲವರಿಗೆ ಮೈ ಸ್ವಲ್ಪ ಹಗುರಾದ್ರೆ ಸಾಕು, ಗುಣವಾಯ್ತು ಅನ್ನೋ ಭ್ರಮೆ." ಆಮೇಲೆ ದನಿ ತಗ್ಗಿಸಿದ. "ನಿಮ್ಮ ತಮ್ಮಂದು ಬೇರೆ ಕಥೆ. ಒಗೆದ ಬಟ್ಟೆ ಮೂಟೆಯಲ್ಲಿ ಪುಡಿ ಒಳಗೇ ಬರುತ್ತೆ. ಅದನ್ನ ಮಾರೋರು ಅವನ ದಿಂಬಿನ ಕೆಳಗೂ ಇಟ್ಟಿದ್ರು. ಇಡೀ ಸಂಜೆ ಅದನ್ನೇ ನೋಡ್ತಾ ಕೂತಿದ್ದ, ಕೊನೆಗೆ ಕಕ್ಕಸಿಗೆ ಸುರಿದು ಬಂದ. ನಾಳೆ ಮತ್ತೆ ಇಟ್ರೆ ನನ್ನ ಕೈಲಾಗಲ್ಲ ಅಂದ. ಗೋಡೆ ಹಾರಿದ."

ಅಲ್ಲೇ ಕಲ್ಲುಬೆಂಚಿನ ಮೇಲೆ ಚೀಲವಿಟ್ಟು ಕೂತೆ. ಅದಕ್ಕೆ ಹೆದರಿ ಓಡಿದವನನ್ನು, ಅದರ ಬೆನ್ನು ಹತ್ತಿದನೆಂದು ಮನೆಮಂದಿಯೆಲ್ಲ ಶಪಿಸುತ್ತಿದ್ದೆವಲ್ಲೋ! ನಮಗಾದರೂ ಹೇಳಬಾರದಿತ್ತಾ? ಸೋಮವಾರ ಜಡ್ಜರ ಮುಂದೆ ನಿನ್ನ ಹೆಸರು ಕೂಗುತ್ತಾರೆ. ಅಷ್ಟರಲ್ಲಿ ನೀನು ಸಿಗದಿದ್ದರೆ ನೇರ ಜೈಲೇ.

ಹೊಟ್ಟೆಗೆ ಸರಿಯಾಗಿ ತಿನ್ನು. ಅಮ್ಮನ ಆಶೀರ್ವಾದ ಸದಾ ನಿನ್ನ ಬೆನ್ನಿಗಿದೆ. ಮಾವನಿಗೆ ನನ್ನ ನಮಸ್ಕಾರ.

ನಿನ್ನ,
ಅಕ್ಕ

ತಾ.ಕ.: ಪುಡಿ ಒಳಗೆ ಬರುವುದನ್ನೂ ನೀನು ಓಡಿದ ಕಾರಣವನ್ನೂ ಕೇಂದ್ರದ ಡಾಕ್ಟರಮ್ಮನಿಗೆ ಹೇಳಿಬಿಟ್ಟೆ, ಬೈಯಬೇಡ. ವೆಲ್ಡರ್ ವಿಷಯ ಬಾಯಿಬಿಟ್ಟಿಲ್ಲ. ನೀನಾಗಿಯೇ ಬಂದರೆ ಬೇರೆ ಕೇಂದ್ರಕ್ಕೆ ಕಳಿಸಿ ಎಂದು ಜಡ್ಜರಿಗೆ ಬರೆಯುತ್ತಾರಂತೆ. ಜಡ್ಜರು ಒಪ್ಪುತ್ತಾರೋ ಇಲ್ಲವೋ, ಗೊತ್ತಿಲ್ಲ. ನನ್ನನ್ನು ಕಂಡರೆ ಹಿಂಬಾಗಿಲಿಂದ ಓಡುತ್ತೀಯೆಂದು ಈ ಕಾಗದವನ್ನು ಅತ್ತೆಯ ಕೈಯಲ್ಲಿ ಒಳಗೆ ಕಳಿಸುತ್ತಿದ್ದೇನೆ. ಮನೆಯಿಂದ ಹೊರಟು ಬಂದು ಈಗ ಗ್ಯಾರೇಜಿನ ಎದುರು ಬಾಡಿಗೆ ಕಾರಿನಲ್ಲಿದ್ದೇವೆ, ನಾನು ಮತ್ತು ಅಪ್ಪ. ದಾರಿಯುದ್ದಕ್ಕೂ ನಿನ್ನನ್ನು ಪಕ್ಕದಲ್ಲೇ ಕೂರಿಸಿಕೊಳ್ಳಬೇಕೆಂದು ಅಪ್ಪನ ಹಟ. ಬೇಗ ಬಾರೋ.