ಬಿದಿರಿನ ಮೂಲೆಗೆ ಬಂದ ನವರಂಗ

ಬಸವೇಶ್ವರನಗರ
ಅಕ್ಟೋಬರ್ 10, ಶುಕ್ರವಾರ ಸಂಜೆ

ಪ್ರಿಯ ಕುಸುಮಾ,

ಮೊದಲು 'ಆಶೀರ್ವಾದಗಳು' ಎಂದು ಬರೆದು ಹೊಡೆದುಹಾಕಿದೆ. ಹೆಂಡತಿಗೆ ಆಶೀರ್ವಾದ ಮಾಡಲು ನೀವೇನು ಮಠದ ಸ್ವಾಮಿಗಳಾ ಎಂದು ನೀನು ಕೇಳುತ್ತೀಯ. ಆದ್ದರಿಂದ ಬರೀ ನಮಸ್ಕಾರ. ಫೋನ್ ಮಾಡಿದರೆ ಎತ್ತುವುದಿಲ್ಲ, ಪಾರ್ಕಿನ ವಾಟ್ಸಾಪ್ ಗ್ರೂಪನ್ನೂ ಬಿಟ್ಟಿದ್ದೀಯ. ನಡಿಗೆದಾರರ ಸಂಘದ ಅಧ್ಯಕ್ಷನಾಗಿ ಸದಸ್ಯರಿಗೆ ಒಂದು ವಿಷಯ ತಿಳಿಸುವುದು ನನ್ನ ಕರ್ತವ್ಯ, ಅದಕ್ಕೇ ಈ ಪತ್ರ. ವಾಪಸ್ ಬಾ ಎಂದು ಕರೆಯುತ್ತಿದ್ದಾನೆ ಎಂದುಕೊಂಡು ನಿನ್ನ ಅಕ್ಕನ ಮುಂದೆ ನಗಬೇಡ.

ಗಣೇಶನ ಹಬ್ಬ ಮುಗಿದ ವಾರ 'ನಾಲ್ಕು ದಿನ ಅಕ್ಕನ ಮನೇಲಿದ್ದು ಬರ್ತೀನಿ' ಎಂದು ಕೆಂಗೇರಿಗೆ ಹೋದವಳು ದಸರೆಗೂ ಬರಲಿಲ್ಲ. ಆಯುಧಪೂಜೆಗೆ ಸ್ಕೂಟರಿಗೆ ನಾನೇ ಕುಂಕುಮ ಹಚ್ಚಿದೆ. ನೀನು ಹೋಗುವ ಮುಂಚೆ ಪಾರ್ಕಿನಲ್ಲಿ ಎಲ್ಲರ ಎದುರು ನಿನಗೆ ವಿಷಲ್ ಊದಿದ್ದು ನಿಜ. ವಾಕಿಂಗ್ ಪಾತ್ ನಡುವೆ ಯಾರೂ ನಿಲ್ಲಬಾರದು, ಎಲ್ಲರೂ ಪ್ರದಕ್ಷಿಣೆಯಾಗಿಯೇ ನಡೆಯಬೇಕು ಎಂದು ನಾನೇ ಬೋರ್ಡು ಹಾಕಿದ್ದೆ. ನೀನು ಯಾವುದೋ ಹಕ್ಕಿಯ ದನಿ ಕೇಳಿ ಕಂಬದ ಹಾಗೆ ನಿಂತೆ, ಸಾಲದ್ದಕ್ಕೆ ಹಿಂದಕ್ಕೂ ತಿರುಗಿ ನಡೆದೆ. ಬಸ್ ಡಿಪೋದಲ್ಲಿ ಮೂವತ್ತು ವರ್ಷ ಊದಿದ ಬಾಯಿ, ತಾನಾಗಿಯೇ ಊದಿತು. ನಿಯಮ ನಿಯಮವೇ. ಹೆಂಡತಿಗೊಂದು, ಊರಿಗೊಂದು ಮಾಡಲಾಗುವುದಿಲ್ಲ. ಈಗಲೂ ಅದನ್ನೇ ಹೇಳುತ್ತೇನೆ.

ಇರಲಿ, ವಿಷಯಕ್ಕೆ ಬರುತ್ತೇನೆ. ಸೋಮವಾರ ಬೆಳಿಗ್ಗೆ ನೋಡಿದರೆ ಬಿದಿರಿನ ಮೂಲೆಯಲ್ಲಿ ಒಣಗಿದ ಎಲೆ ರಾಶಿ ಬಿದ್ದಿದೆ. ಪಾರ್ಕು ಗುಡಿಸುವ ಪಾರವ್ವನನ್ನು ಕರೆದು ಕೇಳಿದೆ. 'ಅಕ್ಕಾರು ಹೋಗೂಮುಂದ ಹೇಳ್ಯಾರ್ರೀ ಸರ, ಬಿದಿರಿನ ಬುಡಕ್ಕ ಕಸಬರಗಿ ಹಚ್ಚಬ್ಯಾಡ ಅಂತ' ಎಂದಳು. ಅಧ್ಯಕ್ಷ ನಾನು, ಅಪ್ಪಣೆ ನಿನ್ನದು! ಬೈಯಲು ಬಾಯಿ ತೆರೆದೆ. ಅಷ್ಟರಲ್ಲಿ ಎಲೆಗಳು ತಾವಾಗಿಯೇ ಹಾರತೊಡಗಿದವು. ಹೆಗ್ಗಣ ಎಂದುಕೊಂಡೆ. ಹೆಗ್ಗಣವಲ್ಲ. ಹಸಿರು ಬೆನ್ನು, ಕೆನೆ ಬಣ್ಣದ ಎದೆ, ಕಣ್ಣಿನ ಮೇಲೆ ಕಪ್ಪು ಪಟ್ಟಿ, ರೆಕ್ಕೆಯಲ್ಲಿ ಮಿರುಗುವ ನೀಲಿ, ಹೊಟ್ಟೆಯ ಕೆಳಗೆ ಕುಂಕುಮದ ಕೆಂಪು. ಬಾಲ ಕೊಡುವಾಗ ಮಾತ್ರ ದೇವರು ಜಿಪುಣತನ ಮಾಡಿದ್ದಾನೆ. ಫ್ರಿಜ್ ಬಾಗಿಲಿಗೆ ನೀನು ಅಂಟಿಸಿದ ಚಿತ್ರವನ್ನು ಹಾಲು ತೆಗೆಯುವಾಗೆಲ್ಲ ನೋಡುತ್ತೇನಲ್ಲ, ಅದೇ. ನವರಂಗ! ಅಲ್ಲಿಯವರೆಗೆ ನವರಂಗ ಎಂದರೆ ನನಗೆ ರಾಜಾಜಿನಗರದ ಬಸ್ ಸ್ಟಾಪ್ ಅಷ್ಟೇ.

ನಾನು ನಿಂತುಬಿಟ್ಟೆ ಕುಸುಮಾ. ಪಾತ್ ನಡುವೆಯೇ ನಿಂತುಬಿಟ್ಟೆ. ಹಿಂದಿನಿಂದ ರಭಸವಾಗಿ ಬಂದ ಮೆಡಿಕಲ್ ಸ್ಟೋರ್ ಶಶಿಕುಮಾರ್ ಡಿಕ್ಕಿ ಹೊಡೆದು, 'ಏನ್ ಸಾರ್, ನೀವೇ ಬ್ರೇಕ್ ಹಾಕ್ಬಿಟ್ರಲ್ಲಾ' ಎಂದರು. ನಾನು ತುಟಿಯ ಮೇಲೆ ಬೆರಳಿಟ್ಟು ಬಿದಿರಿನತ್ತ ತೋರಿಸಿದೆ.

ಮಾರನೆಯ ದಿನವೇ ಕ್ಯಾಮೆರಾದವರ ದಂಡು ಬಂತು. ಅತ್ತಿಗುಪ್ಪೆಯಿಂದ, ಲಗ್ಗೆರೆಯಿಂದ, ಇನ್ನೆಲ್ಲೆಲ್ಲಿಂದಲೋ. ಫೋಟೋ ತೆಗೆಯಬಾರದು ಎಂದು ಬೋರ್ಡಿನಲ್ಲಿದೆ, ಓದುವವರು ಯಾರು? ಅವರಲ್ಲೊಬ್ಬ ಇದೇ ಹಕ್ಕಿಯ ಕೂಗನ್ನು ಮೊಬೈಲಿನಲ್ಲಿ ಹಾಕಿದ. ಪಾಪ, ತನ್ನವರು ಯಾರೋ ಬಂದರೆಂದು ಅದು ತಿನ್ನುವುದನ್ನೂ ಬಿಟ್ಟು ಅತ್ತಿತ್ತ ಓಡಾಡಿತು. ನನಗೆ ಮೈಯೆಲ್ಲ ಉರಿದುಹೋಯಿತು. ವಿಷಲ್ ಬಾಯಿಗಿಟ್ಟೆ. ಊದಿದರೆ ಹಕ್ಕಿಯೇ ಹಾರಿಹೋಗುತ್ತದಲ್ಲ! ಹಾಗೇ ಕಚ್ಚಿಕೊಂಡು ಕೈಸನ್ನೆಯಲ್ಲೇ ಎಲ್ಲರನ್ನೂ ಹಿಂದೆ ಸರಿಸಿದೆ. ಮನೆಗೆ ಓಡಿ, ಟೆರೇಸಿನಲ್ಲಿ ಬಟ್ಟೆ ಒಣಹಾಕುವ ಹಗ್ಗ ಬಿಚ್ಚಿ ತಂದು ಬಿದಿರಿನ ಎರಡೂ ಬದಿಗೆ ಕಟ್ಟಿದೆ. ಹಗ್ಗ ದಾಟುವಂತಿಲ್ಲ, ಕೂಗು ಹಾಕುವಂತಿಲ್ಲ, ಎಲೆ ಗುಡಿಸುವಂತಿಲ್ಲ. ಕ್ಯಾಮೆರಾ ಹಿಡಿದವರು ಬಾಯಿ ಮುಚ್ಚಿಕೊಂಡು ನಿಲ್ಲಬಹುದು.

ಆಗ ಒಂದು ಎಡವಟ್ಟಾಯಿತು. ಹಗ್ಗ ನಡೆಯುವ ದಾರಿಗೇ ಅಡ್ಡ ಬಂದಿತ್ತು. ಸುತ್ತು ಪೂರ್ತಿಯಾಗುವುದಿಲ್ಲ, ಹಗ್ಗದವರೆಗೆ ಬಂದವರು ಬಂದ ದಾರಿಯಲ್ಲೇ ತಿರುಗಿ ಹೋಗಬೇಕು. ಅಂದರೆ ಅಪ್ರದಕ್ಷಿಣೆ! ಶಶಿಕುಮಾರ್ ಬೋರ್ಡನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, 'ರಿವರ್ಸ್ ಹೋಗ್ಬಹುದಾ ಸಾರ್? ಆಮೇಲೆ ಊದ್ಬಿಟ್ಟೀರ' ಎಂದರು. ಹೋಗಿ ಎಂದೆ, ಇನ್ನೇನು ಹೇಳಲಿ? ನಾನೂ ಹಾಗೆ ನಡೆದು ನೋಡಿದೆ. ಇಷ್ಟು ವರ್ಷ ಬೆನ್ನು ಮಾತ್ರ ನೋಡುತ್ತಿದ್ದವರ ಮುಖ ಈಗ ಎದುರಿಗೆ ಬರುತ್ತದೆ. ಚೆನ್ನಾಗಿಯೇ ಇದೆ.

ನಗೆಕೂಟದವರದು ಇನ್ನೊಂದು ಕಥೆ. ಅವರು ಸೇರುವ ಜಾಗ ಬಿದಿರಿನ ಪಕ್ಕದಲ್ಲೇ ಅಲ್ಲವೇ? ಹಕ್ಕಿ ಇರುವವರೆಗೆ ಗಟ್ಟಿಯಾಗಿ ನಗುವಂತಿಲ್ಲ ಎಂದಾಗ ಜಗಳಕ್ಕೇ ಬರುತ್ತಾರೆ ಎಂದುಕೊಂಡಿದ್ದೆ. ಅವರು ಸಾಲಾಗಿ ನಿಂತು ಸದ್ದಿಲ್ಲದೆ ನಗತೊಡಗಿದರು. ಬಾಯಿ ಅಷ್ಟಗಲ ತೆರೆದಿದೆ, ಹೊಟ್ಟೆಗಳು ಕುಣಿಯುತ್ತಿವೆ, ಸೊಲ್ಲೇ ಇಲ್ಲ. ಚಪ್ಪಾಳೆಯನ್ನೂ ಕೈ ತಾಗಿಸದೆ ತಟ್ಟುತ್ತಿದ್ದಾರೆ. ಬಿಗಿದುಕೊಂಡು ನಿಂತಿದ್ದ ನನಗೆ ತಡೆಯಲಾಗಲಿಲ್ಲ. ಕರ್ಚೀಫನ್ನು ಬಾಯಿಗೆ ತುರುಕಿಕೊಂಡು ಗೇಟಿನಾಚೆ ಓಡಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ನಕ್ಕು ಮುಗಿದ ಮೇಲೆ ಇದನ್ನು ಹೇಳೋಣವೆಂದು ಪಕ್ಕಕ್ಕೆ ತಿರುಗಿದೆ. ನೀನಿರಲಿಲ್ಲ.

ಹಕ್ಕಿ ದಕ್ಷಿಣಕ್ಕೆ ಹೋಗುವ ದಾರಿಯಲ್ಲಿ ಸುಧಾರಿಸಿಕೊಳ್ಳಲು ಇಳಿದಿದೆಯಂತೆ. ಹೊಟ್ಟೆ ತುಂಬಿಸಿಕೊಂಡು ಯಾವುದೋ ಒಂದು ರಾತ್ರಿ ಹೊರಟುಬಿಡುತ್ತದೆ ಎಂದು ಕ್ಯಾಮೆರಾದವರು ಹೇಳುತ್ತಾರೆ. ಈ ಒಂದು ಹಕ್ಕಿಗಾಗಿ ನೀನು ಎಷ್ಟು ವರ್ಷ ಎಷ್ಟು ಪೊದೆಗಳ ಮುಂದೆ ಸೊಳ್ಳೆ ಕಚ್ಚಿಸಿಕೊಂಡು ಕೂತಿದ್ದೀಯ ಎಂದು ನನಗೆ ಗೊತ್ತು. ಇವತ್ತು ಬೆಳಿಗ್ಗೆ ಬಹಳ ಹೊತ್ತು ಎಲೆ ಅಲುಗಲಿಲ್ಲ. ಹೋಗಿಯೇಬಿಟ್ಟಿತೇ ಎಂದು ಹಗ್ಗದ ಮೇಲಿಂದ ಬಗ್ಗಿ ನೋಡಿದೆ. ಆಮೇಲೆ ಒಂದೇ ಒಂದು ಎಲೆ ಪಟ್ಟನೆ ಹಾರಿತು. ನನಗಾದ ಖುಷಿ ಯಾರಿಗೆ ಹೇಳಲಿ? ನೀನು ನೋಡದೆ ಅದು ಹೋದರೆ ನನಗೆ ತಡೆದುಕೊಳ್ಳಲಾಗುವುದಿಲ್ಲ. ಕುಸುಮಾಗೆ ಯಾರೂ ಫೋಟೋ ಕಳಿಸಬಾರದು ಎಂದು ಗ್ರೂಪಿನಲ್ಲಿ ಇನ್ನೊಂದು ನಿಯಮ ಹಾಕಿದ್ದೇನೆ. ಕಾರಣ ಕೇಳಿದರು. ನಿಯಮ ನಿಯಮವೇ ಎಂದೆ. ನೀನು ಅದನ್ನು ಮೊದಲು ನೋಡುವುದು ನಿನ್ನ ಕಣ್ಣಿಂದಲೇ ಆಗಬೇಕು.

ಈ ಪತ್ರ ತರುವ ನಮ್ಮ ಆಟೋ ಭೈರೇಶನಿಗೆ ಕೆಂಗೇರಿಯಲ್ಲಿ ಏನೋ ಕೆಲಸವಿದೆಯಂತೆ. ರಾತ್ರಿ ನೆಂಟರ ಮನೆಯಲ್ಲಿದ್ದು ಬೆಳಿಗ್ಗೆ ಬೇಗ ಖಾಲಿ ಆಟೋದಲ್ಲಿ ವಾಪಸ್ ಬರುತ್ತಾನೆ. ಸುಮ್ಮನೆ ತಿಳಿಸಿದೆ, ಅಷ್ಟೇ.

ಇಂತಿ,
ಅಧ್ಯಕ್ಷ, ನಡಿಗೆದಾರರ ಸಂಘ
ನಿನ್ನ ಯೋಗಾನಂದ

ತಾ.ಕ.: ಭೈರೇಶನಿಗೆ ಕೆಂಗೇರಿಯಲ್ಲಿ ಯಾವ ಕೆಲಸವೂ ಇಲ್ಲ. ಲಕೋಟೆಯೊಳಗೆ ಗಟ್ಟಿಯಾಗಿ ಕೈಗೆ ತಾಗುವುದು ನನ್ನ ವಿಷಲ್. ನಾಳೆ ಹಗ್ಗದ ಬಳಿ ಪಾತ್ ನಡುವೆಯೇ ನಿಂತಿರುತ್ತೇನೆ. ಮೊದಲು ಹಕ್ಕಿಯನ್ನು ಕಣ್ತುಂಬ ನೋಡು. ಆಮೇಲೆ ಅದಕ್ಕೆ ಕೇಳಿಸದಷ್ಟು ದೂರ, ಗೇಟಿನಾಚೆ ನನ್ನನ್ನು ಕರೆದುಕೊಂಡು ಹೋಗಿ ಊದು. ಎಲ್ಲರ ಎದುರಿಗೇ ಊದು.