ಘೋಣಸಗಿಯ ಗಾಳಿ ನಿಂತ ಸಂಜೆ

ಇಬ್ರಾಹಿಂಪುರ, ವಿಜಯಪುರ
೧೪ ಅಕ್ಟೋಬರ್ ೨೦೨೫

ಪ್ರೀತಿಯ ರಾಜಾರಾಮಣ್ಣಾ, ಜೈ ಭೀಮ.

ಗುಂತಕಲ್ಲಿನಲ್ಲಿ ನಿನ್ನ ಬೆನ್ನುನೋವು ಹೇಗಿದೆ? ಎಂಜಿನ್ ಡ್ಯೂಟಿ ಎಂದು ಊಟ ಬಿಡುತ್ತಿಲ್ಲ ತಾನೆ? ಅವ್ವ ಈಗ ಆರಾಮಾಗಿದ್ದಾಳೆ. ಇದನ್ನು ಮೊದಲು ಓದಿಕೊಂಡು ಆಮೇಲೆ ಮುಂದಿನದು ಓದು. ಫೋನಿನಲ್ಲಿ ಹೇಳೋಣವೆಂದರೆ ಅವಳು ಅಲ್ಲೇ ಕಿವಿಗೊಟ್ಟು ಕೂತಿರುತ್ತಾಳೆ.

ನನ್ನ ಕೆಲಸ ನಿನಗೆ ಗೊತ್ತು. ಬಬಲೇಶ್ವರದ ಕಚೇರಿಯಲ್ಲಿ ಕೂತು, ನಮ್ಮ ಗಾಳಿಯಂತ್ರಗಳು ಮುಂದಿನ ತಾಸುಗಳಲ್ಲಿ ಎಷ್ಟು ಕರೆಂಟ್ ಕೊಡುತ್ತವೆ ಎಂದು ಅಂದಾಜು ಕಳಿಸುವುದು. ಅದನ್ನು ನಂಬಿ ರಾಜ್ಯಕ್ಕೆ ಕರೆಂಟ್ ಹಂಚುವವರು ಉಳಿದದ್ದನ್ನು ಕಲ್ಲಿದ್ದಲಿನಿಂದ, ನೀರಿನಿಂದ ಹೊಂದಿಸುತ್ತಾರೆ. ಕಳೆದ ಗುರುವಾರ ಘೋಣಸಗಿ ಗುಡ್ಡದ ಮಾಪಕ ಮಧ್ಯಾಹ್ನದಿಂದಲೇ ಗಾಳಿ ಇಳಿಯುವುದನ್ನು ತೋರಿಸುತ್ತಿತ್ತು. ಮಾಪಕವೇ ಕೆಟ್ಟಿರಬೇಕು ಅಂದುಕೊಂಡು ಹಳೆಯ ಅಂದಾಜನ್ನು ಹಾಗೇ ಬಿಟ್ಟೆ. ಸಂಜೆ ಆರಕ್ಕೆ, ಸೋಲಾರ್ ಕರೆಂಟೂ ಮುಗಿಯುವ ಹೊತ್ತಿಗೆ, ರೆಕ್ಕೆಗಳು ಒಂದೊಂದಾಗಿ ನಿಂತವು. ನಮ್ಮವಷ್ಟೇ ಅಲ್ಲ, ಸುತ್ತಲಿನ ಜಿಲ್ಲೆಗಳಲ್ಲೂ ಹಾಗೇ. ಕರೆಂಟ್ ಸಾಲದೆ ಆರೂವರೆಗೆ ಹಲವು ಊರುಗಳ ಲೈನು ತೆಗೆದರು. ನಮ್ಮ ಓಣಿಯದೂ ಹೋಯಿತು.

ಅವ್ವನ ಆಕ್ಸಿಜನ್ ಮಷಿನ್ನಿಗೆ ಇನ್ವರ್ಟರ್ ಅರ್ಧ ತಾಸು ಬಂತು, ಅಷ್ಟೇ. ಪಕ್ಕದ ಮನೆಯ ಮಾಬುಬಿ ಚಾಚಿ ಫೋನ್ ಮಾಡಿದರು: “ನಿಮ್ಮವ್ವಗ ಉಸಿರ ಹತ್ತವಲ್ದು, ತುಟಿ ನೀಲಿ ಆಗ್ಯಾವ. ಲಗೂ ಬಾ ಬೇ!” ಬಸ್ಸಿಗೆ ಒಂದು ತಾಸು ಬೇಕು. “ನೀವ ದವಾಖಾನಿಗೆ ಒಯ್ರಿ ಚಾಚಿ, ನನ್ನ ದಾರಿ ಕಾಯಬ್ಯಾಡ್ರಿ” ಎಂದೆ. ಆ ತಾಸು ಹೇಗೆ ಕಳೆಯಿತೋ ನನಗೇ ತಿಳಿಯದು. ನಾನು ದವಾಖಾನೆ ಮುಟ್ಟುವಷ್ಟರಲ್ಲಿ ಚಾಚಿ ಅವಳನ್ನು ಆಟೋದಲ್ಲಿ ತೊಡೆಯ ಮೇಲೆ ಮಲಗಿಸಿಕೊಂಡು ಒಯ್ದು, ಉಳಿಸಿಕೊಂಡಿದ್ದರು. ಅವ್ವ ಮಾಸ್ಕ್ ಸರಿಸಿ ನನ್ನನ್ನು ಕೇಳಿದಳು: “ಉಂಡೇನ?”

ಮರುದಿನ ಮ್ಯಾನೇಜರ್ ಬಸಗೊಂಡಪ್ಪನವರು, “ಒಂದ ಗುಡ್ಡದ ಗಾಳಿ ನಿಂತ್ರ ದೇಶಾ ಕತ್ತಲಾಗೂದಿಲ್ಲ ತಂಗಿ. ಮಾಪಕ ಕೆಟ್ಟಿತ್ತು ಅಂತ ವರದಿ ಬರಿ, ಮುಗೀತು” ಎಂದರು. ಒಂದು ಗುಡ್ಡದ ಮಾತು ಅರ್ಧ ನಿಜ. ಆದರೆ ನಾನು ಹೊತ್ತಿಗೆ ತಿಳಿಸಿದ್ದರೆ ಬೇರೆ ಕಡೆಯಿಂದ ತರಿಸಲು ನಾಲ್ಕೈದು ತಾಸು ಸಿಗುತ್ತಿತ್ತು. ಗಾಳಿಯನ್ನು ನಂಬಿ ದೇಶ ನಡೆಸಲಾಗದು ಎಂದು ಊರೆಲ್ಲ ಅನ್ನುತ್ತಿದೆ, ಅಣ್ಣಾ. ಗಾಳಿ ಮಧ್ಯಾಹ್ನವೇ ಸುಳಿವು ಕೊಟ್ಟಿತ್ತು, ನಾನೇ ನಂಬಲಿಲ್ಲ. ವರದಿಯಲ್ಲಿ ಹಾಗೆಯೇ ಬರೆದೆ.

ಅತ್ತಿಗೆಗೂ ಮಕ್ಕಳಿಗೂ ನನ್ನ ನೆನಪು ತಿಳಿಸು. ಹಳಿಯ ಮೇಲೆ ಹುಷಾರು.

ನಿನ್ನ ತಂಗಿ,
ಆಮ್ರಪಾಲಿ

ತಾ.ಕ.: ನಾಳಿದ್ದು ವಿಚಾರಣೆಗೆ ಕರೆದಿದ್ದಾರೆ, ಕೆಲಸ ಹೋದರೂ ಹೋಗಬಹುದು. ನನ್ನ ಹೆದರಿಕೆ ಅದಲ್ಲ. ನಿನ್ನೆ ಅವ್ವ, “ಅವತ್ತ ಕರೆಂಟ್ ಹೋಗಿದ್ದು ಯಾರ ತಪ್ಪ ಬೇ?” ಎಂದು ಕೇಳಿದಳು. ಗೊತ್ತಿಲ್ಲ ಎಂದುಬಿಟ್ಟೆ. ಶನಿವಾರ ಬಾ. ಅವಳಿಗೆ ಹೇಳುವಾಗ ನೀನು ನನ್ನ ಜೊತೆ ಇರಬೇಕು.